ಶಿರಸಿಯಲ್ಲಿ ಹೊಂಗೆ ಬಯೋಡೀಸೆಲ್ ಘಟಕ: ಲೆಕ್ಕ ಕೂಡುತ್ತದಾ?

ಬೆಂಗಳೂರು_ಬಿಟ್ಟವ, ಶಿರಸಿ

ಎಲ್ಲರಿಗೂ ನಮಸ್ಕಾರ. ನಾವು ನಾಲ್ಕು ಜನ ಸೇರಿ ಶಿರಸಿ ಹತ್ತಿರ ಒಂದು ಸಣ್ಣ ಬಯೋಡೀಸೆಲ್ ಘಟಕ ಹಾಕುವ ಯೋಚನೆಯಲ್ಲಿದ್ದೇವೆ. ಮುಖ್ಯವಾಗಿ ಹೊಂಗೆ ಬೀಜ. ಕರಾವಳಿಯಿಂದ ಸುರಹೊನ್ನೆ ಸಿಕ್ಕರೆ ಅದೂ ಸೈ. ಲೆಕ್ಕ ಕೆಳಗಿದೆ, ಬಿಚ್ಚಿ ನೋಡಿ.

ಎಕ್ಸ್‌ಪೆಲ್ಲರ್‌ನಲ್ಲಿ, ಅಂದರೆ ಎಣ್ಣೆ ಹಿಂಡುವ ಯಂತ್ರದಲ್ಲಿ, 4 ಕಿಲೋ ಬೀಜಕ್ಕೆ ಸುಮಾರು 1 ಲೀಟರ್ ಎಣ್ಣೆ, 3 ಕಿಲೋ ಹಿಂಡಿ. ಬೀಜ ಕಿಲೋಗೆ 30 ರೂಪಾಯಿ ಅಂತ ಇಟ್ಟುಕೊಂಡರೆ 120. ಹಿಂಡಿ ಕಿಲೋಗೆ 20ರಂತೆ ಹೋದರೆ 60 ವಾಪಸ್ ಬಂತು. ಅಲ್ಲಿಗೆ ಎಣ್ಣೆ ಲೀಟರ್‌ಗೆ 60. ಅರೆಯುವ ಖರ್ಚು, ಎಣ್ಣೆಗೆ ಬೆರೆಸುವ ಮೆಥನಾಲ್, ಕರೆಂಟ್ ಎಲ್ಲ ಸೇರಿ ಇನ್ನೊಂದು 20. ಒಟ್ಟು 80. ಪಂಪಿನಲ್ಲಿ ಡೀಸೆಲ್ 90ರ ಆಸುಪಾಸು ಇದೆ. ಡೀಸೆಲ್ ಜೊತೆ ಉಪ ಉತ್ಪನ್ನವಾಗಿ ಬರುವ ಗ್ಲಿಸರಿನ್ ಮಾರಿ ಬಂದದ್ದು ಮೇಲಿನ ಲಾಭ.

ಬ್ಯಾಂಕಿಗೆ ಹೋಗುವ ಮೊದಲು ನಮ್ಮ ಜಿಲ್ಲೆಯವರ ಅಭಿಪ್ರಾಯ ಬೇಕು.

ಗಾಣದಮನೆ, ಸಿದ್ದಾಪುರ

ಮೊದಲ ಪ್ರಶ್ನೆ. ಆ 30 ರೂಪಾಯಿ ಕಾಯಿಗಾ, ಬೀಜಕ್ಕಾ? ಹೊಂಗೆ ಕಾಯಿಯ ತೂಕದಲ್ಲಿ ಬೀಜ ಬರುವುದು ಅರ್ಧದ ಹತ್ತಿರ. ಉಳಿದದ್ದು ಸಿಪ್ಪೆ.

ಎರಡನೆಯದು ಆಳು. ದಿನಕ್ಕೆ 500 ರೂಪಾಯಿ ಪಗಾರು ಅಂತ ಹಿಡಿಯಿರಿ. ಚಹಾ, ತಿಂಡಿ ಬೇರೆ. ಅವನು 30 ಕಿಲೋ ಕಾಯಿ ಆರಿಸಿದ ಅಂತಲೇ ಇಟ್ಟುಕೊಳ್ಳಿ. ಬೀಜ 15 ಕಿಲೋ. ಆರಿಸಿದ್ದಕ್ಕೇ ಕಿಲೋಗೆ 33 ರೂಪಾಯಿ ಹೋಯಿತು. ಸುಲಿಯುವುದು, ಒಣಗಿಸುವುದು, ಸಾಗಾಟ ಇನ್ನೂ ಶುರುವೇ ಆಗಿಲ್ಲ.

ಹಾಸನದ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನ ಇದೆ, ನೋಡಿಕೊಂಡು ಬನ್ನಿ. ಬಯಲುಸೀಮೆಯಲ್ಲಿ ಹೊಂಗೆ ಹೊಲದ ಬದುವಿನಲ್ಲೇ ಸಾಲಾಗಿ ಇರುತ್ತದೆ. ಬೇಸಿಗೆಯಲ್ಲಿ ಹೊಲದ ಕೆಲಸವೂ ಕಡಿಮೆ. ಮನೆಯವರೇ ಬಿಡುವಿನಲ್ಲಿ ಆರಿಸುತ್ತಾರೆ. ನಮ್ಮಲ್ಲಿ ಹೊಂಗೆ ಹೊಳೆದಂಡೆಯಲ್ಲಿ ಅಲ್ಲೊಂದು ಇಲ್ಲೊಂದು. ಕಾಯಿ ಬಲಿಯುವ ಹೊತ್ತಿಗೆ ಮೆಣಸು ಕೊಯ್ಲು ಇರುತ್ತದೆ. ಅತ್ತ ಗೇರುಬೀಜ ಶುರುವಾಗಿರುತ್ತದೆ. ಕಾಳುಮೆಣಸು ಬಿಟ್ಟು ಹೊಂಗೆ ಆರಿಸಲು ಯಾರು ಬರುತ್ತಾರೆ ಮಾರಾಯ್ರೆ?

ಟೈಟ್ರೇಶನ್, ಹುಬ್ಬಳ್ಳಿ (ಊರು ಅಂಕೋಲಾ)

ನಾನು ಎಣ್ಣೆ ಲ್ಯಾಬ್‌ನಲ್ಲಿ ಕೆಲಸ ಮಾಡುವವನು. ಆರಿಸುವ ಕಥೆ ನಿಮಗೆ ಬಿಟ್ಟೆ. ಆರಿಸಿ ತಂದ ಮೇಲಿನದ್ದು ಹೇಳುತ್ತೇನೆ.

ಬಯೋಡೀಸೆಲ್ ಮಾಡುವ ಕ್ರಿಯೆ ಸುಲಭ. ಎಣ್ಣೆಗೆ ಮೆಥನಾಲ್ ಮತ್ತು ಸ್ವಲ್ಪ ಕಾಸ್ಟಿಕ್ ಸೋಡಾ ಹಾಕಿ 60 ಡಿಗ್ರಿ ಆಸುಪಾಸಿನಲ್ಲಿ ಕಲಕಿದರೆ ಎಸ್ಟರ್ (ಅದೇ ಬಯೋಡೀಸೆಲ್) ಮೇಲೆ, ಗ್ಲಿಸರಿನ್ ಕೆಳಗೆ ನಿಲ್ಲುತ್ತದೆ. ಕಾಗದದ ಮೇಲೆ 100 ಕಿಲೋ ಎಣ್ಣೆಗೆ 11 ಕಿಲೋ ಮೆಥನಾಲ್ ಸಾಕು. ಆದರೆ ಕ್ರಿಯೆ ಪೂರ್ತಿಯಾಗಬೇಕಾದರೆ ಅದರ ದುಪ್ಪಟ್ಟು ಹಾಕಬೇಕು. ಉಳಿದ ಅರ್ಧವನ್ನು ಬಟ್ಟಿ ಇಳಿಸಿ ವಾಪಸ್ ಪಡೆಯುವುದು ದೊಡ್ಡ ಕಾರ್ಖಾನೆಯವರಿಗೆ ಸಾಧ್ಯ. ಸಣ್ಣ ಘಟಕದಲ್ಲಿ ಆ ಉಪಕರಣ ಇರುವುದಿಲ್ಲ. ನಿಮ್ಮ 20 ರೂಪಾಯಿ ಮೊದಲು ಸೋರುವುದು ಅಲ್ಲೇ. ಮೆಥನಾಲ್ ವಿಷ ಬೇರೆ. ಅದನ್ನು ಇಟ್ಟುಕೊಳ್ಳಲು ಪರವಾನಗಿ ಬೇಕು.

ಇನ್ನೊಂದು ನಮ್ಮ ಕಡೆಗೇ ವಿಶೇಷವಾದದ್ದು. ತೇವ. ಬೀಜ ಸರಿಯಾಗಿ ಒಣಗದಿದ್ದರೆ ಎಣ್ಣೆಯಲ್ಲಿ ಹುಳಿ ಏರುತ್ತದೆ, ಅಂದರೆ ಬಿಡಿ ಕೊಬ್ಬಿನಾಮ್ಲ. ಅದು ಶೇ. 2 ದಾಟಿದರೆ ಕಾಸ್ಟಿಕ್ ಹಾಕಿದ ಕೂಡಲೇ ಸೋಪು ಆಗುತ್ತದೆ. ಆಗ ಮೊದಲು ಗಂಧಕಾಮ್ಲದ ಇನ್ನೊಂದು ಸುತ್ತು ಮಾಡಬೇಕು. ಮೇ ತಿಂಗಳಲ್ಲಿ ತಂದ ಬೀಜವನ್ನು ಗೋಣಿಯಲ್ಲಿ ಕಟ್ಟಿ ಜುಲೈವರೆಗೆ ಇಟ್ಟರೆ ಶಿರಸಿ ಮಳೆಯಲ್ಲಿ ಅದು ಏನಾಗುತ್ತದೆ ಎಂದು ನಿಮಗೇ ಗೊತ್ತು.

ತೈಲ ಕಂಪನಿಗೆ ಕೊಡುತ್ತೀರಾದರೆ ಬಯೋಡೀಸೆಲ್‌ನ ಭಾರತೀಯ ಮಾನದಂಡ ಐಎಸ್ 15607ಕ್ಕೆ ಸರಿಹೊಂದಬೇಕು. ಪಂಪ್‌ಸೆಟ್‌ಗೆ, ಸ್ವಂತ ಟಿಲ್ಲರ್‌ಗೆ ಮಾತ್ರ ಅಂದರೆ ಬೇರೆ ಮಾತು.

ಬೆಂಗಳೂರು_ಬಿಟ್ಟವ, ಶಿರಸಿ

ಇದೇ ಬೇಕಿತ್ತು. ಧನ್ಯವಾದ. ಗ್ಲಿಸರಿನ್ ಬಗ್ಗೆಯೂ ಹೇಳಿ. ಅದು ಸೋಪಿಗೆ, ಔಷಧಿಗೆ ಹೋಗುತ್ತದಲ್ಲ? ಒಳ್ಳೆ ಬೆಲೆ ಇರಬೇಕು.

ಟೈಟ್ರೇಶನ್, ಹುಬ್ಬಳ್ಳಿ

ಔಷಧಿಗೆ ಹೋಗುವುದು ಶುದ್ಧ ಮಾಡಿದ ಗ್ಲಿಸರಿನ್. ನಿಮ್ಮ ತೊಟ್ಟಿಯ ತಳದಲ್ಲಿ ನಿಲ್ಲುವುದು ಕಂದು ಬಣ್ಣದ ಮಡ್ಡಿ. ಅದರಲ್ಲಿ ಮೆಥನಾಲ್, ಸೋಪು, ಉಪ್ಪು, ನೀರು ಎಲ್ಲ ಇರುತ್ತದೆ. 100 ಕಿಲೋ ಎಣ್ಣೆಗೆ 10 ಕಿಲೋ ಗ್ಲಿಸರಿನ್ ಅಷ್ಟೇ. ಅಷ್ಟಕ್ಕಾಗಿ ಶುದ್ಧೀಕರಣ ಘಟಕ ಯಾರೂ ಹಾಕುವುದಿಲ್ಲ.

ಯುರೋಪ್, ಅಮೆರಿಕದಲ್ಲಿ 2000ದ ದಶಕದಲ್ಲಿ ಬಯೋಡೀಸೆಲ್ ಕಾರ್ಖಾನೆಗಳು ಎದ್ದವಲ್ಲ, ಆಗ ಎಲ್ಲರ ಯೋಜನಾ ವರದಿಯಲ್ಲೂ ಗ್ಲಿಸರಿನ್ ಲಾಭದ ಸಾಲು ಇತ್ತು. ಎಲ್ಲರೂ ಒಟ್ಟಿಗೆ ಮಾರಲು ಹೊರಟರು. ಬೆಲೆ ನೆಲ ಕಚ್ಚಿತು. ಕೆಲವರು ಅದನ್ನು ಸುಡುವುದಕ್ಕೆ ಬಳಸಿದರು.

ಕಾಳಿನದಿ, ಕಾರವಾರ

ಜಟ್ರೋಫಾ ನೆನಪಿದೆಯಾ ಯಾರಿಗಾದರೂ? ಕಾಡುಹರಳು. 2003ರಲ್ಲಿ ಯೋಜನಾ ಆಯೋಗವೇ ಅದನ್ನು ಎತ್ತಿ ಹಿಡಿದಿತ್ತು. ಬಂಜರು ನೆಲದಲ್ಲಿ ನೀರಿಲ್ಲದೆ ಬೆಳೆಯುತ್ತದೆ, ದನ ತಿನ್ನುವುದಿಲ್ಲ, ಎಣ್ಣೆ ಸುರಿಯುತ್ತದೆ ಎಂದರು. 2009ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯಲ್ಲಿ 2017ರ ಹೊತ್ತಿಗೆ ಡೀಸೆಲ್‌ನಲ್ಲಿ ಶೇ. 20 ಮಿಶ್ರಣ ಅಂತ ಬರೆದರು. ಬದುಕುವುದಕ್ಕೆ ನೀರು ಬೇಡ, ನಿಜ. ಕಾಯಿ ಬಿಡುವುದಕ್ಕೆ ಬೇಕು! ನೀರು, ಗೊಬ್ಬರ ಕೊಡುವ ನೆಲ ಇದ್ದರೆ ಯಾವ ರೈತ ಕಾಡುಹರಳು ಹಾಕುತ್ತಾನೆ? ಕೊನೆಗೆ 2018ರ ನೀತಿಯಲ್ಲಿ ಬಯೋಡೀಸೆಲ್ ಗುರಿ 2030ಕ್ಕೆ ಶೇ. 5ಕ್ಕೆ ಇಳಿಯಿತು. ನನ್ನ ಅಂದಾಜಿನಲ್ಲಿ ಆ ಗದ್ದಲದಲ್ಲಿ ದುಡ್ಡು ಕಂಡವರು ಸಸಿ ಮಾರಿದವರು ಮಾತ್ರ.

ತಮ್ಮಾ, ಆ ನಾಲ್ಕು ಜನರ ದುಡ್ಡನ್ನು ಎಫ್‌ಡಿಯಲ್ಲಿ ಇಡು.

ಗೇರುಗುಡ್ಡ, ಕುಮಟಾ

ಎಫ್‌ಡಿ ಸಲಹೆ ಕೊಡುವುದು ಸುಲಭ. ಬೆಳೆಯಿಂದ ಇಂಧನ ಅಂದ ಕೂಡಲೇ ಎಲ್ಲ ಮೋಸ ಅಂತಲ್ಲ. ನಮ್ಮ ಕುಮಟಾದಲ್ಲೇ ನಡೆಯುತ್ತಿದೆ, ಯಾರೂ ಅದನ್ನು ಬಯೋಫ್ಯುಯೆಲ್ ಅಂತ ಕರೆಯುವುದಿಲ್ಲ ಅಷ್ಟೇ. ಗೇರುಬೀಜದ ಸಿಪ್ಪೆ.

100 ಕಿಲೋ ಕಚ್ಚಾ ಗೇರುಬೀಜ ಒಡೆದರೆ ತಿರುಳು 25 ಕಿಲೋ ಹತ್ತಿರ. 70 ಕಿಲೋ ಸಿಪ್ಪೆ. ಹಿಂದೆ ಡ್ರಮ್ಮಿನಲ್ಲಿ ಹುರಿಯುತ್ತಿದ್ದರು. ಆಗ ಸಿಪ್ಪೆಯ ಎಣ್ಣೆ ಅಲ್ಲೇ ಉರಿದು ಊರೆಲ್ಲ ಹೊಗೆ. ಈಗ ಹಬೆಯಲ್ಲಿ ಬೇಯಿಸಿ ಒಡೆಯುತ್ತಾರೆ. ಎಣ್ಣೆ ಸಿಪ್ಪೆಯಲ್ಲೇ ಉಳಿಯುತ್ತದೆ. ಅದನ್ನು ಎಕ್ಸ್‌ಪೆಲ್ಲರ್‌ಗೆ ಹಾಕಿದರೆ 12ರಿಂದ 15 ಕಿಲೋ ಸಿಪ್ಪೆ ಎಣ್ಣೆ ಸಿಗುತ್ತದೆ. ಕೈಗೆ ತಾಗಿದರೆ ಚರ್ಮ ಸುಡುವ ಎಣ್ಣೆ ಅದು. ಅದರಿಂದ ಕಾರ್ಡನಾಲ್ ತೆಗೆಯುತ್ತಾರೆ. ಬ್ರೇಕ್ ಲೈನಿಂಗ್, ಪೇಂಟ್, ರೆಸಿನ್‌ಗೆ ಬೇಕಾದದ್ದು. ಎಣ್ಣೆ ತೆಗೆದ ಮೇಲೆ ಉಳಿಯುವ ಸಿಪ್ಪೆ ಹಿಂಡಿ ಬಾಯ್ಲರ್‌ಗೆ, ಭಟ್ಟಿಗೆ ಹೋಗುತ್ತದೆ. ಚೆನ್ನಾಗಿ ಉರಿಯುತ್ತದೆ.

ಇಲ್ಲಿ ಕ್ರಮ ಗಮನಿಸಿ. ಮೊದಲು ತಿರುಳು, ಆಮೇಲೆ ಎಣ್ಣೆ, ಎಲ್ಲಕ್ಕಿಂತ ಕೊನೆಗೆ ಬೆಂಕಿ. ಗುಡ್ಡದಿಂದ ಬೀಜ ಆರಿಸಿದ ಪಗಾರು, ಲಾರಿ ಬಾಡಿಗೆ, ಒಣಗಿಸಿದ ಖರ್ಚು ಎಲ್ಲವನ್ನೂ ತಿರುಳು ಹೊತ್ತುಕೊಂಡಿದೆ. ಸಿಪ್ಪೆ ಕಾರ್ಖಾನೆ ಅಂಗಳಕ್ಕೆ ಪುಕ್ಕಟೆ ಬಂದು ಬಿದ್ದಿದೆ. ಹೊಂಗೆಯಲ್ಲಿ ಆ ಖರ್ಚೆಲ್ಲ ನಿಮ್ಮ ಒಂದು ಲೀಟರ್ ಡೀಸೆಲ್ ತಲೆ ಮೇಲೆ. ಅದಕ್ಕೇ ಲೆಕ್ಕ ಕೂಡುವುದಿಲ್ಲ.

ಕಾಳಿನದಿ, ಕಾರವಾರ

ಹಾಗಾದರೆ ಗೇರುಹಣ್ಣು? ಬೀಜದ ಆರೆಂಟು ಪಟ್ಟು ತೂಕದ ಹಣ್ಣು ಗುಡ್ಡದಲ್ಲೇ ಕೊಳೆಯುತ್ತದೆ. ಮಾಜಾಳಿ ದಾಟಿದರೆ ಗೋವೆಯವರು ಅದರಲ್ಲೇ ಫೆನಿ ಮದ್ಯ ಮಾಡುತ್ತಾರೆ, 2009ರಲ್ಲಿ ಜಿಐ (ಭೌಗೋಳಿಕ ಗುರುತು) ಕೂಡ ತಗೊಂಡರು. ನಮ್ಮಲ್ಲಿ ಅದೇ ಹಣ್ಣು ಬಟ್ಟಿ ಇಳಿಸಿದರೆ ಅಬಕಾರಿಯವರು ಬರುತ್ತಾರೆ. ಕುಡಿಯಲು ಬೇಡ, ಎಥೆನಾಲ್ ಮಾಡಿ ಪೆಟ್ರೋಲಿಗೆ ಹಾಕಬಹುದಲ್ವಾ?

ಟೈಟ್ರೇಶನ್, ಹುಬ್ಬಳ್ಳಿ

ಹಣ್ಣಿನ ರಸದಲ್ಲಿ ಸಕ್ಕರೆ ಶೇ. 10ರ ಆಸುಪಾಸು. ಒಂದು ಕಿಲೋ ಸಕ್ಕರೆಗೆ ಅರ್ಧ ಲೀಟರ್‌ಗಿಂತ ಸ್ವಲ್ಪ ಜಾಸ್ತಿ ಆಲ್ಕೊಹಾಲ್ ಸಿಗುತ್ತದೆ. ಅಂದರೆ 1 ಲೀಟರ್‌ಗೆ 25ರಿಂದ 30 ಕಿಲೋ ಹಣ್ಣು. ಲೀಟರ್‌ಗೆ 60 ರೂಪಾಯಿ ಸಿಕ್ಕರೂ ಹಣ್ಣಿನ ಪಾಲಿಗೆ ಕಿಲೋಗೆ 2 ರೂಪಾಯಿ. ಅದೂ ಕಟ್ಟಿಗೆ, ಯಂತ್ರ, ಆಳು ಎಲ್ಲ ಸೊನ್ನೆ ಅಂತ ಹಿಡಿದರೆ. ಹಣ್ಣು ಒಂದೇ ದಿನದಲ್ಲಿ ಕೆಡುತ್ತದೆ. ಫೆನಿ ನಡೆಯುವುದು ಯಾಕೆಂದರೆ ಅದನ್ನು ಕುಡಿಯುವವರು ಪೆಟ್ರೋಲ್ ದರ ನೋಡಿ ದುಡ್ಡು ಕೊಡುವುದಿಲ್ಲ.

ಕಾಳಿನದಿ, ಕಾರವಾರ

ಹಹ್ಹ. ಒಪ್ಪಿದೆ.

ಕಬ್ಬಿನಗದ್ದೆ, ಹಳಿಯಾಳ

ಎಥೆನಾಲ್ ವಿಷಯ ಬಂತಲ್ಲ, ನಾನು ಸ್ವಲ್ಪ ಮಾತಾಡುತ್ತೇನೆ. ನಮ್ಮ ತಾಲೂಕಿನಲ್ಲಿ ಕಬ್ಬೂ ಇದೆ, ಗೋವಿನಜೋಳವೂ ಇದೆ.

ಒಂದು ಟನ್ ಕಬ್ಬಿನ ರಸದಿಂದ ಸುಮಾರು 70 ಲೀಟರ್ ಎಥೆನಾಲ್. ತೈಲ ಕಂಪನಿಗಳು ರಸದ ಎಥೆನಾಲ್‌ಗೆ ಕೊಡುವ ದರ ಲೀಟರ್‌ಗೆ 65 ರೂಪಾಯಿ 61 ಪೈಸೆ. ಗುಣಿಸಿದರೆ 4,590ರ ಮೇಲೆ. ಬಿ ಹೆವಿ ಕಾಕಂಬಿ, ಅಂದರೆ ಸಕ್ಕರೆ ಪೂರ್ತಿ ತೆಗೆಯದ ಕಾಕಂಬಿಯದ್ದಾದರೆ 60 ರೂಪಾಯಿ 73 ಪೈಸೆ. ಕಬ್ಬಿನ ಎಫ್‌ಆರ್‌ಪಿ (ಕಾರ್ಖಾನೆ ರೈತನಿಗೆ ಕೊಡಲೇಬೇಕಾದ ಕನಿಷ್ಠ ದರ) 2022–23ರಲ್ಲಿ ಟನ್‌ಗೆ 3,050 ಇತ್ತು, 2024–25ಕ್ಕೆ 3,400 ಆಯಿತು. ಎಥೆನಾಲ್ ದರ ಅಷ್ಟೂ ವರ್ಷ ಅಲ್ಲೇ ನಿಂತಿತ್ತು. ಕಾರ್ಖಾನೆಯವರು ಇದನ್ನೇ ತೋರಿಸಿ ಅಳುತ್ತಾರೆ. ಅವರ ಅಳುವಿನಲ್ಲಿ ಅರ್ಧ ನಿಜ ಇದೆ.

ಇನ್ನರ್ಧ ಅವರು ಹೇಳದ್ದು. ಒಂದು ಟನ್ ಕಬ್ಬಿಗೆ 280–300 ಕಿಲೋ ಸಿಪ್ಪೆ ಬರುತ್ತದೆ. ಅದನ್ನು ಸುಟ್ಟು ಹಬೆ, ಕರೆಂಟು ಮಾಡಿಕೊಳ್ಳುತ್ತಾರೆ, ಮಿಕ್ಕಿದ ಕರೆಂಟ್ ಮಾರುತ್ತಾರೆ. ರಸ ಸೋಸಿದಾಗ ಉಳಿಯುವ ಮಡ್ಡಿ, ಪ್ರೆಸ್‌ಮಡ್, ಗೊಬ್ಬರಕ್ಕೆ ಹೋಗುತ್ತದೆ. ಹಾಗಾಗಿ ಕಬ್ಬಿನ ಎಥೆನಾಲ್ ಮಾಡುವುದಕ್ಕೆ ಹೊರಗಿನ ಕಟ್ಟಿಗೆ, ಕಲ್ಲಿದ್ದಲು ಬೇಡ. ಕುಮಟಾದವರು ಹೇಳಿದ ಸೂತ್ರ ಇಲ್ಲೂ ಇದೆ. ಇಂಧನ ಮಾಡುವ ಇಂಧನ ಪುಕ್ಕಟೆ.

ಆದರೆ ಸಿಪ್ಪೆ ನನ್ನದು ಅಲ್ವಾ? ತೂಕದ ಕಾಟಾ ದಾಟಿದ ಮೇಲೆ ಎಲ್ಲ ಅವರದ್ದು. 2012ರಲ್ಲಿ ಸಕ್ಕರೆ ಉದ್ಯಮದ ಬಗ್ಗೆ ಕೇಂದ್ರ ನೇಮಿಸಿದ್ದ ರಂಗರಾಜನ್ ಸಮಿತಿ ಹೇಳಿತ್ತು: ಸಕ್ಕರೆ ಮತ್ತು ಮೊದಲ ಹಂತದ ಉಪ ಉತ್ಪನ್ನಗಳ ಆದಾಯದಲ್ಲಿ ಶೇ. 70 ರೈತನಿಗೆ, ಬರೀ ಸಕ್ಕರೆಯ ಲೆಕ್ಕವಾದರೆ ಶೇ. 75. ಆ ಲೆಕ್ಕದ ಚೀಟಿಯನ್ನು ನನ್ನ ಕೈಯಲ್ಲಿ ಯಾರೂ ಇಟ್ಟಿಲ್ಲ. ಶಿರಸಿ ತಮ್ಮಂದಿರು ಘಟಕ ಹಾಕುವುದಾದರೆ ಬೀಜ ಕೊಟ್ಟವರಿಗೆ ಹಿಂಡಿಯಲ್ಲಿ ಪಾಲು ಇದೆಯಾ ಎಂದು ಈಗಲೇ ಬರೆದುಕೊಳ್ಳಲಿ.

ಬೆಂಗಳೂರು_ಬಿಟ್ಟವ, ಶಿರಸಿ

ಅಣ್ಣ, ಗೋವಿನಜೋಳದ ಕಥೆ ಏನು? ಬನವಾಸಿ, ಮುಂಡಗೋಡ ಕಡೆಯೂ ಜಾಸ್ತಿಯಾಗಿದೆ.

ಕಬ್ಬಿನಗದ್ದೆ, ಹಳಿಯಾಳ

ಒಂದು ಟನ್ ಗೋವಿನಜೋಳಕ್ಕೆ ಸುಮಾರು 380 ಲೀಟರ್ ಎಥೆನಾಲ್. ದರ ಲೀಟರ್‌ಗೆ 71 ರೂಪಾಯಿ 86 ಪೈಸೆ. ಒಟ್ಟು 27,300. 2025–26ರ ಬೆಂಬಲ ಬೆಲೆಯಲ್ಲಿ ಜೋಳ ಕೊಂಡರೆ ಟನ್‌ಗೆ 24,000. ಉಳಿದ 3,300ರಲ್ಲಿ ಬಾಯ್ಲರ್, ಕಿಣ್ವ, ಬಡ್ಡಿ, ಸಂಬಳ. ಸಾಲುವುದಿಲ್ಲ. ಹಾಗಾಗಿ ಅವರು ಬದುಕುವುದು ಜೋಳ ಬೆಂಬಲ ಬೆಲೆಗಿಂತ ಕೆಳಗೆ ಸಿಕ್ಕಾಗ, ಇಲ್ಲವೇ ಡಿಡಿಜಿಎಸ್ ಮಾರಿ. ಪಿಷ್ಟ ಹೋದ ಮೇಲೆ ಉಳಿಯುವ ಪ್ರೋಟೀನ್ ಮೇವು ಅದು. ಟನ್‌ಗೆ 300 ಕಿಲೋ ಹತ್ತಿರ ಬರುತ್ತದೆ, ಕೋಳಿ ಫಾರಂಗೆ, ದನದ ಮೇವಿಗೆ ಹೋಗುತ್ತದೆ. ದೇಶದಲ್ಲಿ ಜೋಳದ ಎಥೆನಾಲ್ ಕಾರ್ಖಾನೆ ಜಾಸ್ತಿಯಾದ ಮೇಲೆ ಅದರ ಬೆಲೆಯೂ ಕುಸಿಯಿತು. ಜೊತೆಗೆ ಸೋಯಾ ಹಿಂಡಿಯನ್ನೂ ಎಳೆದುಕೊಂಡು ಬಿತ್ತು. ಗ್ಲಿಸರಿನ್ ಕಥೆಯೇ.

ಸರ್ಕಾರದ ಕೈ ಬೇರೆ. 2023ರ ಡಿಸೆಂಬರ್‌ನಲ್ಲಿ ಸಕ್ಕರೆ ಕಡಿಮೆಯಾಗುತ್ತದೆ ಎಂದು ಕಬ್ಬಿನ ರಸದ ಎಥೆನಾಲ್‌ಗೆ ದಿಢೀರ್ ತಡೆ ಹಾಕಿದರು. ಸಾಲ ಮಾಡಿ ಡಿಸ್ಟಿಲರಿ ಹಾಕಿದವರು ಬಾಯಿ ಬಾಯಿ ನೋಡಿದರು. ಆಮೇಲೆ ಸಡಿಲ ಮಾಡಿದರು ಅನ್ನಿ.

ಮುರುಗಲಕ್ಕ, ಹೊನ್ನಾವರ

ಇಷ್ಟು ಜನ ಮಾತಾಡಿದಿರಿ, ನಮ್ಮ ಕಾಡಿನ ಹುಳಿಹಣ್ಣು ಮುರುಗಲು, ಉಪ್ಪಾಗೆ ಯಾರ ಬಾಯಲ್ಲೂ ಬರಲಿಲ್ಲ! ನಮ್ಮ ಜಿಲ್ಲೆಯ ಎಣ್ಣೆಬೀಜ ಅಂದರೆ ಅವೇ.

ಮುರುಗಲ ಹಣ್ಣಿನ ಸಿಪ್ಪೆ ಸಾರಿಗೆ, ಸರಬತ್ತಿಗೆ. ನಮ್ಮದು ಮಹಿಳೆಯರ ಸಣ್ಣ ಗುಂಪು, ಏಪ್ರಿಲ್–ಮೇನಲ್ಲಿ ಸರಬತ್ತು ಮಾಡುತ್ತೇವೆ. ಬೀಜ ರಾಶಿ ಬೀಳುತ್ತದೆ. ಅದರಲ್ಲಿ ಕಾಲುಭಾಗದಷ್ಟು ತುಪ್ಪ, ಅಂದರೆ ಗಟ್ಟಿ ಎಣ್ಣೆ, ಇರುತ್ತದೆ. ಹಿಂದೆ ಬೀಜ ಕುಟ್ಟಿ, ನೀರಲ್ಲಿ ಕುದಿಸಿ, ಮೇಲೆ ತೇಲಿದ್ದನ್ನು ಎತ್ತಿ ಉಂಡೆ ಕಟ್ಟಿಡುತ್ತಿದ್ದರು. ಹಿಮ್ಮಡಿ ಒಡೆದರೆ ಅದೇ ಮದ್ದು. 38–40 ಡಿಗ್ರಿಯಲ್ಲಿ ಕರಗುತ್ತದೆ, ಅಂದರೆ ಮೈಗೆ ಹಚ್ಚಿದರೆ ನಿಧಾನ ಇಳಿಯುತ್ತದೆ. ಹಾಗಾಗಿ ಕ್ರೀಮ್, ಲಿಪ್‌ಬಾಮ್ ಮಾಡುವವರು ಕೋಕಂ ಬಟರ್ ಎಂದು ಹುಡುಕಿಕೊಂಡು ಬರುತ್ತಾರೆ. ಡೀಸೆಲ್‌ಗಿಂತ ಎಷ್ಟೋ ಪಟ್ಟು ಬೆಲೆ. ಇದನ್ನು ಯಾರಾದರೂ ಟಿಲ್ಲರ್‌ಗೆ ಸುರಿಯುತ್ತಾರಾ?

ಹೊಂಗೆ ಎಣ್ಣೆಯದ್ದೂ ಅದೇ ಮಾತು. ಸೋಪಿನ ನೀರಲ್ಲಿ ಕಲಸಿ ಹುಳಕ್ಕೆ ಹೊಡೆಯಲು ತೋಟದವರೇ ಕೊಳ್ಳುತ್ತಾರೆ. ಎಣ್ಣೆಯಾಗಿಯೇ ಮಾರುವುದು ಬಿಟ್ಟು ಮೆಥನಾಲ್ ಯಾಕೆ?

ಗಾಣದಮನೆ, ಸಿದ್ದಾಪುರ

ಅಕ್ಕಾ, ಉಪ್ಪಾಗೆ ಬಗ್ಗೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ನಮ್ಮ ಮನೆಯಲ್ಲಿ ಉಪ್ಪಾಗೆ ತುಪ್ಪ ದೋಸೆಗೆ ಈಗಲೂ ಬೇಕು, ಅದು ಸರಿ. ಆದರೆ ಸಿಪ್ಪೆ ವ್ಯಾಪಾರ ನೋಡಿ. ಬೊಜ್ಜು ಕರಗಿಸುತ್ತದೆ ಎಂದು 90ರ ದಶಕದಲ್ಲಿ ಅಮೆರಿಕಕ್ಕೆ ಹೋಗಲು ಶುರುವಾಯಿತು. ಕಾಡಿನಲ್ಲಿ ಕಾಯಿ ಬಲಿಯುವ ಮೊದಲೇ ಕೊಯ್ದರು, ಕೊಂಬೆ ಕಡಿದರು. 1998ರಲ್ಲಿ ಅಲ್ಲಿಯ ವೈದ್ಯರು 135 ಜನರ ಮೇಲೆ 12 ವಾರ ಪರೀಕ್ಷೆ ಮಾಡಿ, ತೂಕ ಇಳಿಸುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ ಎಂದು ಬರೆದರು. ದೂರದ ಒಬ್ಬನೇ ಗಿರಾಕಿಯನ್ನು ನಂಬಿದ ಮಾಲಿಗೆ ಇಂಥ ಒಂದು ಕಾಗದ ಸಾಕು. ಅಡಿಕೆ ಹಾಳೆ ತಟ್ಟೆಗೂ 2025ರಲ್ಲಿ ಅಮೆರಿಕದ ಆಹಾರ, ಔಷಧ ಇಲಾಖೆ ಎಫ್‌ಡಿಎ ಬೇಡ ಎಂದದ್ದು ಗೊತ್ತಿದೆಯಲ್ಲ.

ಉಪ್ಪಾಗೆಯ ಇನ್ನೊಂದು ಸಂಕಟ ಮಳೆ. ಹಣ್ಣಾಗುವುದೇ ಜೂನ್‌ನಿಂದ ಆಗಸ್ಟ್. ಬಿಸಿಲಿಲ್ಲ. ಸಿಪ್ಪೆಯನ್ನು ಬೆಂಕಿಯ ಮೇಲೆ ಒಣಗಿಸಬೇಕು. ಒಣಗಿಸಲು ಸುಡುವ ಕಟ್ಟಿಗೆ ರಾಶಿ ನೋಡಿದರೆ ಹೊಟ್ಟೆ ಉರಿಯುತ್ತದೆ. ಇಂಧನ ಬೇಕಾಗಿರುವುದು ನಿಜಕ್ಕೂ ಅಲ್ಲಿ.

ತೋಟದ_ಅಜ್ಜ, ಯಲ್ಲಾಪುರ

ಮೊಮ್ಮಗ ಓದಿ ಹೇಳಿದ, ಅವನ ಕೈಯಲ್ಲೇ ಬರೆಸುತ್ತಿದ್ದೇನೆ.

ಗೋಬರ್ ಗ್ಯಾಸ್ ಬಿಟ್ಟು ಇಷ್ಟುದ್ದ ಚರ್ಚೆ ಮಾಡಿದ್ದೀರಿ. 2 ಘನ ಮೀಟರ್ ಪ್ಲಾಂಟಿಗೆ ದಿನಕ್ಕೆ 50 ಕಿಲೋ ಸೆಗಣಿ ಬೇಕು. ದೊಡ್ಡ ದನ ನಾಲ್ಕೈದು ಸಾಕು, ಮಲೆನಾಡ ಗಿಡ್ಡ ಆದರೆ ಜಾಸ್ತಿ ಬೇಕು. ಅಷ್ಟು ಗ್ಯಾಸ್ ತಿಂಗಳಿಗೆ ಸುಮಾರು ಎರಡು ಸಿಲಿಂಡರ್‌ಗೆ ಸಮ. ಪೈಪು ಅಡುಗೆಮನೆಗೇ ಬರುತ್ತದೆ. ಲಾರಿ ಇಲ್ಲ, ದಲ್ಲಾಳಿ ಇಲ್ಲ, ಮಾನದಂಡದ ಸರ್ಟಿಫಿಕೇಟ್ ಇಲ್ಲ. ಗ್ಯಾಸ್ ಬಂದ ಮೇಲೆ ಉಳಿಯುವ ಸೆಗಣಿ ರಾಡಿ, ಅಂದರೆ ಸ್ಲರಿ, ತೋಟಕ್ಕೆ. ನಾನು ಗ್ಯಾಸ್ ಬರದಿದ್ದರೂ ಸ್ಲರಿಗಾಗಿ ಪ್ಲಾಂಟ್ ಇಡುತ್ತಿದ್ದೆ. ದನ ಸಾಕುವವರು ಕಡಿಮೆಯಾಗುತ್ತಿದ್ದಾರೆ, ತೊಂದರೆ ಅದೊಂದೇ.

ಅಡಿಕೆ ಸಿಪ್ಪೆಗೆ ಕೈ ಹಾಕಬೇಡಿ. ಬಚ್ಚಲ ಒಲೆಗೆ, ಅಡಿಕೆ ಬೇಯಿಸುವ ಒಲೆಗೆ ಅದೇ ಬೇಕು. ಉಳಿದದ್ದು ತೋಟದ ಬುಡಕ್ಕೆ ಹೋಗಲಿ.

ಬೆಂಗಳೂರು_ಬಿಟ್ಟವ, ಶಿರಸಿ

ಅಜ್ಜಾ, ಮನೆ ಸಿಪ್ಪೆ ಮುಟ್ಟುವುದಿಲ್ಲ. ಆದರೆ ಈಗ ಸುಲಿಯುವ ಮಷಿನ್ ಇಟ್ಟವರ ಅಂಗಳದಲ್ಲಿ ಊರವರೆಲ್ಲರ ಸಿಪ್ಪೆ ಗುಡ್ಡೆ ಬೀಳುತ್ತಿದೆ. ಎಷ್ಟೋ ಕಡೆ ರಸ್ತೆ ಬದಿಗೆ ಸುರಿಯುತ್ತಾರೆ. ಅದು ಕುಮಟಾದ ಗೇರು ಸಿಪ್ಪೆಯ ಹಾಗೇ, ಬೇರೆಯವರ ಖರ್ಚಿನಲ್ಲಿ ಒಂದೆಡೆ ಬಂದು ಬಿದ್ದದ್ದು. ಅಲ್ಲೇ ಪಕ್ಕದಲ್ಲಿ ಒಂದು ಒಣಗಿಸುವ ಮನೆ ಕಟ್ಟಿ, ಅದೇ ಸಿಪ್ಪೆ ಉರಿಸಿ ಮಳೆಗಾಲದಲ್ಲಿ ಉಪ್ಪಾಗೆ ಒಣಗಿಸಿದರೆ?

ಅಡಿಕೆ ಸುಲಿಯುವುದು ಚಳಿಗಾಲದಲ್ಲಿ, ಉಪ್ಪಾಗೆ ಮಳೆಗಾಲದಲ್ಲಿ. ನಡುವೆ ಸಿಪ್ಪೆಯನ್ನು ನೆನೆಯದ ಹಾಗೆ ಇಡಬೇಕು. ದೊಡ್ಡ ಮಾಡು ಬೇಕು. ಖರ್ಚು ಅದೇ ಮುಖ್ಯ. ಬಯೋಡೀಸೆಲ್ ತೊಟ್ಟಿಗಿಂತ ಕಡಿಮೆಯೇ ಆಗುತ್ತದೆ ಅನ್ನಿಸುತ್ತದೆ.

ಜೊತೆಗೆ ಒಂದು ಎಕ್ಸ್‌ಪೆಲ್ಲರ್. ಬೇಸಿಗೆಯಲ್ಲಿ ಹೊಂಗೆ, ಮೇ–ಜೂನ್‌ನಲ್ಲಿ ಮುರುಗಲು, ಆಮೇಲೆ ಉಪ್ಪಾಗೆ ಬೀಜ, ಉಳಿದ ತಿಂಗಳು ಕೊಬ್ಬರಿ. ವರ್ಷವಿಡೀ ಓಡಿದರೆ ಕಂತು ಕಟ್ಟಬಹುದು.

ಗಾಣದಮನೆ, ಸಿದ್ದಾಪುರ

ಒಂದೇ ಎಕ್ಸ್‌ಪೆಲ್ಲರ್‌ನಲ್ಲಿ ಹೊಂಗೆಯನ್ನೂ ಕೊಬ್ಬರಿಯನ್ನೂ ಹಾಕಬೇಡಿ, ದಯವಿಟ್ಟು. ಹೊಂಗೆ ಕಹಿ, ತಿನ್ನಬಾರದ್ದು. ಎಷ್ಟು ತೊಳೆದರೂ ಮೂಲೆಯಲ್ಲಿ ಉಳಿಯುತ್ತದೆ. ಹೊಂಗೆ ಹಿಂಡಿ ಗೊಬ್ಬರಕ್ಕೆ, ಕೊಬ್ಬರಿ ಹಿಂಡಿ ದನಕ್ಕೆ. ಬೆರೆತರೆ ಎರಡೂ ಕೆಟ್ಟವು, ಹೆಸರೂ ಕೆಟ್ಟಿತು. ಮುರುಗಲು, ಉಪ್ಪಾಗೆ, ಕೊಬ್ಬರಿ ಒಂದು ಕಡೆ ಇರಲಿ. ಹೊಂಗೆಗೆ ಹಳೆಯ ಸಣ್ಣ ಯಂತ್ರ ಬೇರೆ ಇಡಿ, ಇಲ್ಲವೇ ಹೊಂಗೆಯನ್ನೇ ಬಿಡಿ. ನನ್ನ ಕೇಳಿದರೆ ಬಿಡಿ. ಸೊಪ್ಪಿನ ಬೆಟ್ಟದಲ್ಲಿ ಹೊಂಗೆ ಇದ್ದರೆ ಸೊಪ್ಪು ತೋಟಕ್ಕೆ ಬರುತ್ತದೆ, ಅಷ್ಟು ಲಾಭ ಸಾಕು.

ಕಬ್ಬಿನಗದ್ದೆ, ಹಳಿಯಾಳ

ಹಿಂಡಿ ಪಾಲಿನ ಮಾತಿಗೆ ಉತ್ತರ ಬರಲಿಲ್ಲ.

ಬೆಂಗಳೂರು_ಬಿಟ್ಟವ, ಶಿರಸಿ

ಬರುತ್ತದೆ ಅಣ್ಣ. ಬೀಜ ತಂದವರು ಅರೆಯುವ ಕೂಲಿ ಮಾತ್ರ ಕೊಟ್ಟು ತುಪ್ಪ, ಹಿಂಡಿ ಎರಡನ್ನೂ ಒಯ್ಯಬಹುದು. ಇಲ್ಲ, ನಮಗೇ ಮಾರುತ್ತಾರೆ ಅಂದರೆ ಬೀಜದ ದರದ ಪಕ್ಕದಲ್ಲೇ ಹಿಂಡಿ ದರವನ್ನೂ ಬೋರ್ಡಿನಲ್ಲಿ ಬರೆಯುತ್ತೇವೆ. ಇದಕ್ಕೆ ನಮ್ಮ ನಾಲ್ವರಲ್ಲಿ ಒಬ್ಬ ಇನ್ನೂ ಒಪ್ಪಿಲ್ಲ.

ಮುರುಗಲಕ್ಕ, ಹೊನ್ನಾವರ

ಕೂಲಿಗೆ ಅರೆದು ಕೊಡುತ್ತೀರಾದರೆ ನಮ್ಮ ಗುಂಪಿನ ಬೀಜ ಮೇ ಕೊನೆಗೆ ಸಿಗುತ್ತದೆ. ಗೇರುಸೊಪ್ಪೆ ಘಟ್ಟ ಹತ್ತಿಸುವ ಬಾಡಿಗೆ ಯಾರದು ಎಂದು ಮೊದಲು ಮಾತಾಡಿಕೊಳ್ಳೋಣ.

ಟೈಟ್ರೇಶನ್, ಹುಬ್ಬಳ್ಳಿ

ಬಾಡಿಗೆ ಮಾತಾಡುವ ಮೊದಲು ಒಂದು ಕಿಲೋ ಬೀಜ ನನಗೆ ಕಳಿಸಿ ಅಕ್ಕಾ. ತೇವ, ತುಪ್ಪದ ಅಂಶ, ಹುಳಿ ಮೂರೂ ನೋಡಿ ಇಲ್ಲೇ ಹಾಕುತ್ತೇನೆ. ಬಟ್ಟೆ ಚೀಲದಲ್ಲಿ ಕಟ್ಟಿ. ಪ್ಲಾಸ್ಟಿಕ್‌ನಲ್ಲಿ ಕಟ್ಟಿದರೆ ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಬೂಷ್ಟು ಬಂದಿರುತ್ತದೆ.